ಗೋಡೆ, ಚೌಕಟ್ಟು ಸೇರುವ ಅಂಚಿಗೆ ಬಣ್ಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಬ್ಬ ಬಂತೆಂದು ಪ್ರತಿ ಸಲ ಇಡೀ ಮನೆಗೆ ಬಣ್ಣ ಹೊಡೆಸಲು ಯಾರಿಗೂ ಆಗುವುದಿಲ್ಲ. ಗೋಡೆ ಚೆನ್ನಾಗಿಯೇ ಇರುತ್ತದೆ, ಹಾಳಾಗಿರುವುದು ಚೌಕಟ್ಟಿನ ಸುತ್ತಲಿನ, ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಕೂರಿಸುವ ಕಲ್ಲಿನ ಪಟ್ಟಿ) ಮೇಲಿನ, ಹೊಸ್ತಿಲ ಪಕ್ಕದ ಎರಡು ಬೆರಳು ಜಾಗ ಮಾತ್ರ. ಈ ಬಾರಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಎರಡು ಬೆರಳು ಜಾಗದ್ದೇ.

ಪ್ರಶ್ನೆ: ಮನೆ ಕಟ್ಟಿಸಿ ನಾಲ್ಕು ವರ್ಷವಾಯಿತು. ಬೇಸಿಗೆ ಬಂದರೆ ಸಾಕು, ಬಾಗಿಲ ಚೌಕಟ್ಟಿನ ಸುತ್ತ ಗೋಡೆ ಬಿಟ್ಟುಕೊಂಡು ಸಣ್ಣ ಬಿರುಕು ಕಾಣಿಸುತ್ತದೆ. ಪೇಂಟರ್ ಎರಡು ಸಲ ವಾಲ್ ಪುಟ್ಟಿ ತುಂಬಿ ಬಣ್ಣ ಹೊಡೆದರು. ಮತ್ತೆ ಅದೇ ಕತೆ. ಏನು ಮಾಡಬೇಕು?
— ವಿದ್ಯಾನಗರ, ದಾವಣಗೆರೆ

ಉತ್ತರ: ಅಲ್ಲಿ ಪುಟ್ಟಿ ನಿಲ್ಲುವುದಿಲ್ಲ, ಎಷ್ಟು ಸಲ ತುಂಬಿದರೂ ಅಷ್ಟೇ. ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿರುತ್ತದೆ, ಪಕ್ಕದ ಗಾರೆ ಕದಲುವುದಿಲ್ಲ. ನಾಲ್ಕು ಇಂಚು ಅಗಲದ ಮರ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಅರ್ಧದಿಂದ ಒಂದು ಮಿಲಿಮೀಟರ್ ಅತ್ತಿತ್ತ ಆಗುವುದು ಮಾಮೂಲು. ಸಿಮೆಂಟ್ ಆಧಾರದ ವಾಲ್ ಪುಟ್ಟಿಗೆ ಒಣಗಿದ ಮೇಲೆ ಎಳೆತವೇ ಇರುವುದಿಲ್ಲ. ಮರ ಕುಗ್ಗಿದ ಕೂಡಲೇ ಮರದ ಮೈಯಿಂದ ಬಿಡಿಸಿಕೊಳ್ಳುತ್ತದೆ. ಈ ಸಂದಿಗೆ ಹಾಕಬೇಕಾದ್ದು ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್, ಅಂದರೆ ಒಣಗಿದ ಮೇಲೂ ಎಳೆತ ಉಳಿಸಿಕೊಳ್ಳುವ, ಕೊಳವೆಯಲ್ಲಿ ಬರುವ ಸಂದಿ ತುಂಬುವ ಅಂಟು. ಅಂಗಡಿಯವರು ಸಿಲಿಕೋನ್ ಕೊಟ್ಟರೆ ವಾಪಸ್ ಕೊಡಿ. ಸಿಲಿಕೋನ್ ಮೇಲೆ ಇಮಲ್ಷನ್ (ನೀರಿನಲ್ಲಿ ಕಲಸುವ ಗೋಡೆಯ ಬಣ್ಣ) ಕೂರುವುದಿಲ್ಲ, ಹನಿಹನಿಯಾಗಿ ಜಾರುತ್ತದೆ. ಒಮ್ಮೆ ಹಚ್ಚಿದ ಮೇಲೆ ಅದನ್ನು ಪೂರ್ತಿ ತೆಗೆಯುವುದೂ ದೊಡ್ಡ ಕೆಲಸ.

ಸೀಲೆಂಟ್ ತರುವ ಮೊದಲು ಎರಡು ಪರೀಕ್ಷೆ ಮಾಡಿಕೊಳ್ಳಿ. ಒಬ್ಬರು ಬಾಗಿಲನ್ನು ದಿನಾ ಹಾಕುವಂತೆ ಹಾಕಲಿ, ಇನ್ನೊಬ್ಬರು ಸಂದಿಯ ಮೇಲೆ ಬೆರಳಿಟ್ಟಿರಲಿ. ಚೌಕಟ್ಟು ಅದುರಿದ್ದು ಬೆರಳಿಗೆ ತಿಳಿದರೆ ಗೋಡೆಯೊಳಗಿನ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ) ಸಡಿಲಾಗಿದೆ ಎಂದರ್ಥ. ಆಗ ಮೊದಲು ಬಡಗಿಯನ್ನು ಕರೆಸಿ, ಚೌಕಟ್ಟಿನ ಮೂಲಕವೇ ತೂತು ಕೊರೆದು, ಗೋಡೆಯೊಳಗೆ ಕನಿಷ್ಠ 2 ಇಂಚು ಹೋಗುವ ಫಾಸ್ಟನರ್‌ಗಳನ್ನು ಪ್ರತಿ ಬದಿಗೆ ಮೂರರಂತೆ ಬಿಗಿಸಬೇಕು. ಅದುರುವ ಚೌಕಟ್ಟಿಗೆ ಯಾವ ಸೀಲೆಂಟೂ ತಡೆಯುವುದಿಲ್ಲ.

ಎರಡನೆಯದು ಬಿರುಕಿನ ದಾರಿ. ಚೌಕಟ್ಟಿನ ಉದ್ದಕ್ಕೆ ನೇರವಾಗಿ ಹೋಗಿದ್ದರೆ ಅದು ಮರದ ಆಟ. ಬಾಗಿಲಿನ ಮೇಲ್ಮೂಲೆಯಿಂದ ಹೊರಟು ಗೋಡೆಯ ಮೇಲೆ ಓರೆಯಾಗಿ ಏರಿದ್ದರೆ ವಿಷಯ ಬೇರೆ. ನಮ್ಮ ಕಡೆ ಎರೆಮಣ್ಣಿನ ಮೇಲೆ ನಿಂತ ಮನೆಗಳು ಬಹಳ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಾಗ ತಳಪಾಯವೇ ಕದಲಿ ಇಂಥ ಓರೆ ಬಿರುಕು ಬರಬಹುದು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಟ್ಟಿ ಅಂಟು ಹಾಕಿ ಕೂರಿಸಿ, ದಿನಾಂಕ ಬರೆದಿಡಿ. ಒಂದು ಮಳೆಗಾಲ ಕಳೆಯುವುದರೊಳಗೆ ಗಾಜು ಸೀಳಿದರೆ ಬಣ್ಣದ ಮಾತು ಬಿಟ್ಟು ಎಂಜಿನಿಯರಿಗೆ ತೋರಿಸಿ.

ಎರಡೂ ಪರೀಕ್ಷೆಯಲ್ಲಿ ಪಾಸಾದರೆ ಕೆಲಸ ಸಲೀಸು. ಹಳೆಯ ಪುಟ್ಟಿಯನ್ನು ಬ್ಲೇಡಿನ ಮೂಲೆಯಿಂದ ಕೆರೆದು ಸುಮಾರು 5 ಮಿ.ಮೀ. ಅಗಲ, 5 ಮಿ.ಮೀ. ಆಳದ ಗೀರು ಮಾಡಿ. ಹಲ್ಲುಜ್ಜುವ ಹಳೆ ಬ್ರಶ್‌ನಲ್ಲಿ ದೂಳು ಪೂರ್ತಿ ತೆಗೆಯಿರಿ. ದೂಳಿನ ಮೇಲೆ ಹಚ್ಚಿದ ಸೀಲೆಂಟ್ ದೂಳಿಗೆ ಅಂಟುತ್ತದೆ, ಗೋಡೆಗಲ್ಲ. ಪಾಲಿಶ್ ಮಾಡಿದ ಮರವಾದರೆ ಮರದ ಕಡೆ ಮಾಸ್ಕಿಂಗ್ ಟೇಪ್ ಹಾಕಿಕೊಳ್ಳಿ. ಸೀಲೆಂಟ್ ಕೊಳವೆಯ ನಳಿಕೆಯನ್ನು ಓರೆಯಾಗಿ, ತೂತು 3–4 ಮಿ.ಮೀ. ಇರುವಂತೆ ಕತ್ತರಿಸಿ. ಮೇಲಿಂದ ಕೆಳಕ್ಕೆ ಒಂದೇ ವೇಗದಲ್ಲಿ ಎಳೆದು ಒದ್ದೆ ಬೆರಳಿನಿಂದ ಒಮ್ಮೆ ಮಾತ್ರ ಸವರಿ. ಮತ್ತೆ ಮತ್ತೆ ಸವರಿದರೆ ಸಂದಿಯೊಳಗಿದ್ದದ್ದು ಈಚೆ ಬಂದು ಗೋಡೆ ತುಂಬ ಹರಡುತ್ತದೆ. ಟೇಪನ್ನು ಆಗಲೇ ಕೀಳಿ. ಮಾರನೆಯ ದಿನ ನೋಡಿದರೆ ಸೀಲೆಂಟ್ ಸ್ವಲ್ಪ ಒಳಕ್ಕೆ ಇಳಿದಿರುತ್ತದೆ. ಅದರಲ್ಲಿನ ನೀರು ಆರಿದಾಗ ಹಾಗಾಗುವುದು ಸಹಜ, ಬೇಕೆನಿಸಿದರೆ ತೆಳುವಾಗಿ ಇನ್ನೊಂದು ಎಳೆ ಹಾಕಿ. ಬಣ್ಣ ಹಚ್ಚುವುದು 24 ಗಂಟೆಯ ನಂತರವೇ.

ಲೆಕ್ಕ ಹೀಗಿದೆ: 5×5 ಮಿ.ಮೀ. ಗೀರಿಗೆ 300 ಮಿ.ಲೀ. ಕೊಳವೆ 12 ಮೀಟರ್ ಬರುತ್ತದೆ. ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಿನ ಒಂದು ಮುಖಕ್ಕೆ ಐದು ಮೀಟರಿಗೆ ಸ್ವಲ್ಪ ಹೆಚ್ಚು ಬೇಕು. ಅಂದರೆ ಬಾಗಿಲಿಗೊಂದು ಕೊಳವೆ, ಎರಡೂ ಮುಖಕ್ಕೆ. ಸಂದಿ 10 ಮಿ.ಮೀ.ಗಿಂತ ಅಗಲವಿದ್ದರೆ ಒಳಗೆ ಫೋಮ್ ದಾರ ತುರುಕಿ ಅದರ ಮೇಲೆ ಸೀಲೆಂಟ್ ಎಳೆಯಬೇಕು, ಇಲ್ಲದಿದ್ದರೆ ಕೊಳವೆಗಳು ಖಾಲಿಯಾಗುತ್ತವೆಯೇ ಹೊರತು ಸಂದಿ ತುಂಬುವುದಿಲ್ಲ.

ಯಾವಾಗ ಮಾಡಬೇಕು ಎಂಬುದೂ ಮುಖ್ಯ. ಮಾರ್ಚ್, ಏಪ್ರಿಲ್‌ನಲ್ಲಿ ಮರ ಪೂರ್ತಿ ಒಣಗಿ ಸಂದಿ ಅತಿ ಅಗಲವಾಗಿರುತ್ತದೆ. ಆಗ ತುಂಬಿದರೆ ಮುಂದೆ ಮರ ಹಿಗ್ಗಿದಾಗ ಸೀಲೆಂಟ್ ಒತ್ತಿಕೊಳ್ಳುತ್ತದೆ, ಹರಿಯುವುದಿಲ್ಲ. ಆದರೆ ದಾವಣಗೆರೆಯ ಬಿಸಿಲಿಗೆ ಅದು ಬೇಗ ಕೆನೆಗಟ್ಟುತ್ತದೆ, ಬೆಳಿಗ್ಗೆ ಹತ್ತರೊಳಗೆ ಮುಗಿಸಿ.

ಪ್ರಶ್ನೆ: ಹಿಂದಿನ ಸಲದ ಉಳಿದ ಬಣ್ಣವನ್ನೇ ಕಿಟಕಿ ಸುತ್ತ ಹಚ್ಚಿದೆವು. ಅದೇ ಡಬ್ಬಿ, ಅದೇ ಬಣ್ಣ. ಆದರೂ ಕಿಟಕಿಗೆ ಚೌಕ ಪಟ್ಟಿ ಹಾಕಿದಂತೆ ಎದ್ದು ಕಾಣುತ್ತಿದೆ.
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಡಬ್ಬಿಯಲ್ಲಿದ್ದ ಬಣ್ಣ ಬದಲಾಗಿಲ್ಲ, ಗೋಡೆಯ ಮೇಲಿನದು ಬದಲಾಗಿದೆ. ಬಿಸಿಲು, ಅಡುಗೆ ಹೊಗೆ, ಕೈ ಎಣ್ಣೆ ಎಲ್ಲ ಸೇರಿ ಅದು ಬೇರೆಯೇ ಆಗಿರುತ್ತದೆ. ಇದಲ್ಲದೆ ಇನ್ನೆರಡು ಕಾರಣಗಳಿವೆ, ಅವು ನಿಮ್ಮ ಕೈಯಲ್ಲಿರುವಂಥವು. ಗೋಡೆಗೆ ರೋಲರ್ ಹಾಕಿ, ಅಂಚಿಗೆ ಬ್ರಶ್ ಹಾಕಿದರೆ ಮೇಲ್ಮೈ ಬೇರೆಯಾಗಿ ಬೆಳಕು ಬೇರೆ ಥರ ಹೊಳೆಯುತ್ತದೆ. ಪಕ್ಕದಿಂದ ನೋಡಿದರೆ ಪಟ್ಟಿ, ಎದುರಿನಿಂದ ನೋಡಿದರೆ ಏನೂ ಇಲ್ಲ ಅನಿಸಿದರೆ ಕಾರಣ ಇದೇ. ಇನ್ನೊಂದು, ಪುಟ್ಟಿ ಹಚ್ಚಿದ ಜಾಗಕ್ಕೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಪದರ) ಹಚ್ಚದೆ ನೇರ ಬಣ್ಣ ಹಾಕಿದ್ದು. ಪುಟ್ಟಿ ಬಣ್ಣದ ನೀರನ್ನು ಎಳೆದುಕೊಂಡು ಅಲ್ಲಿ ಮಂಕು ಕಲೆ ಮೂಡಿಸುತ್ತದೆ.

ಈಗ ಹೀಗೆ ಮಾಡಿ. ಡಬ್ಬಿ ತೆರೆದಾಗ ಕೊಳೆತ ವಾಸನೆ ಬಂದರೆ ಎಸೆಯಿರಿ, ಅದನ್ನು ಸರಿಮಾಡಲು ಆಗದು. ವಾಸನೆ ಇಲ್ಲದಿದ್ದರೆ ಮೇಲಿನ ಕೆನೆಯನ್ನು ಕಲಸದೆ ಎತ್ತಿ ತೆಗೆದು, ತಳದವರೆಗೆ ಐದು ನಿಮಿಷ ಕಲಕಿ, ಹಳೆಯ ತೆಳು ದುಪಟ್ಟಾದಲ್ಲಿ ಸೋಸಿ. ಗೋಡೆಗೆ ಹೊಡೆಯುವಾಗ ಇಮಲ್ಷನ್‌ಗೆ ಡಬ್ಬಿಯ ಮೇಲೆ ಹೇಳಿದಷ್ಟು ನೀರು ಸೇರಿಸುತ್ತೇವಲ್ಲ, ಅಂಚಿಗೆ ಅದರ ಅರ್ಧ ಸಾಕು. ದೋಸೆ ಹಿಟ್ಟಿನ ಹದಕ್ಕಿಂತ ತೆಳುವಾದರೆ ಚೌಕಟ್ಟಿನ ಮೇಲೆ ಇಳಿಯುತ್ತದೆ. ಬಾಗಿಲ ಹಿಂದೆ ಒಂದು ಚೂರು ಹಚ್ಚಿ, ಪೂರ್ತಿ ಒಣಗಿದ ಮೇಲೆ ಹೋಲಿಸಿ. ಇಮಲ್ಷನ್ ಒದ್ದೆಯಿದ್ದಾಗ ತಿಳಿಯಾಗಿ ಕಂಡು ಒಣಗಿದಾಗ ಒಂಚೂರು ಗಾಢವಾಗುತ್ತದೆ, ಹಸಿಯಲ್ಲಿ ನೋಡಿ ತೀರ್ಮಾನಿಸಬೇಡಿ.

ಹಚ್ಚುವಾಗ ಚೌಕಟ್ಟಿನ ಪಕ್ಕ ಬ್ರಶ್‌ನಿಂದ ಒಂದು ಗೆರೆ ಎಳೆದು, ಅದು ಆರುವ ಮೊದಲೇ 4 ಇಂಚಿನ ಸಣ್ಣ ರೋಲರ್‌ನಿಂದ ಹೊರಕ್ಕೆ ಹರಡುತ್ತ ಹೋಗಿ. ರೋಲರ್‌ನಲ್ಲಿ ಬಣ್ಣ ಕಡಿಮೆಯಾಗುತ್ತ ಬಂದಂತೆ ಅಂಚು ತಾನೇ ಮಾಸುತ್ತದೆ. ಚೌಕವಾಗಿ ನಿಲ್ಲಿಸಬೇಡಿ. ಇಷ್ಟಾದರೂ ವ್ಯತ್ಯಾಸ ಕಂಡರೆ ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಗೆ ಹೊಡೆದುಬಿಡಿ. ಮೂಲೆಯಲ್ಲಿ ಎರಡು ಗೋಡೆಗಳಿಗೆ ಬೆಳಕು ಬೇರೆ ಬೇರೆ ಬೀಳುವುದರಿಂದ ಅಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೂರು ವರ್ಷಕ್ಕಿಂತ ಹಳೆಯ ಗಾಢ ಬಣ್ಣದ ಗೋಡೆಗೆ ತೇಪೆ ಹಾಕುವ ಪ್ರಯತ್ನವೇ ಬೇಡ.

ಹೊಸದಾಗಿ ತರಿಸುವುದಾದರೆ ಮುಚ್ಚಳದ ಮೇಲಿನ ಚೀಟಿಯಲ್ಲಿರುವ ಶೇಡ್ ಸಂಖ್ಯೆ ಮಾತ್ರ ಹೇಳಿದರೆ ಸಾಲದು, ಬಣ್ಣದ ತಯಾರಿಯ ಹೆಸರೂ ಅದೇ ಇರಬೇಕು. ಅದೇ ಶೇಡ್ ಬೇರೆ ದರ್ಜೆಯ ಇಮಲ್ಷನ್‌ನಲ್ಲಿ ಬೇರೆ ಹೊಳಪಿನದಾಗುತ್ತದೆ. ಎಷ್ಟು ಬೇಕು ಎಂದು ಹಲವರು ಕೇಳುತ್ತಾರೆ: ಒಂದು ಬಾಗಿಲಿನ ಒಂದು ಮುಖಕ್ಕೆ 2 ಇಂಚು ಅಗಲದ ಪಟ್ಟಿ, ಎರಡು ಕೋಟ್ ಎಂದರೆ 40–50 ಮಿ.ಲೀ. ಮಾತ್ರ. ಆರು ಬಾಗಿಲಿನ ಮನೆಗೆ, ಎರಡೂ ಮುಖ ಸೇರಿ, ಸುಮಾರು ಅರ್ಧ ಲೀಟರಿಗೆ ಮುಗಿಯುತ್ತದೆ. 1 ಲೀಟರ್ ಡಬ್ಬಿ ತಂದರೆ ಮುಂದಿನ ಸಲಕ್ಕೂ ಉಳಿಯುತ್ತದೆ. ಉಳಿದದ್ದನ್ನು ಬಾಯಿತನಕ ತುಂಬುವ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಸುರಿದಿಡಿ, ಒಳಗೆ ಗಾಳಿ ಕಡಿಮೆಯಾದಷ್ಟೂ ಕೆನೆ ಕಡಿಮೆ.

ಪ್ರಶ್ನೆ: ಮಾಸ್ಕಿಂಗ್ ಟೇಪ್ ಹಾಕಿಯೇ ಬಣ್ಣ ಹೊಡೆದೆ. ಒಂದು ಕಡೆ ಟೇಪಿನ ಅಡಿಗೆ ಬಣ್ಣ ನುಗ್ಗಿದೆ, ಇನ್ನೊಂದು ಕಡೆ ಟೇಪಿನ ಜೊತೆ ಗೋಡೆಯ ಬಣ್ಣವೇ ಕಿತ್ತು ಬಂದಿದೆ. ಟೇಪ್ ಕಳಪೆಯೇ?
— ಹರಿಹರ

ಉತ್ತರ: ಟೇಪನ್ನು ಬೈಯುವ ಮೊದಲು ಅಂಗೈಯಿಂದ ಗೋಡೆಯನ್ನು ಉಜ್ಜಿ ನೋಡಿ. ಕೈಗೆ ಪುಡಿ ಹತ್ತಿದರೆ ಅದು ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿ ಬೆರೆತ ಅಗ್ಗದ ನೀರಿನ ಬಣ್ಣ) ಅಥವಾ ಪುಡಿಯೇಳುತ್ತಿರುವ ಹಳೆ ಬಣ್ಣ. ಅದರ ಮೇಲೆ ಯಾವ ಟೇಪ್ ಹಾಕಿದರೂ ಪದರ ಕಿತ್ತು ಬರುತ್ತದೆ. ಅಂಥ ಕಡೆ ಟೇಪ್ ಬಿಟ್ಟು 6 ಇಂಚಿನ ಪುಟ್ಟಿ ಬ್ಲೇಡನ್ನೋ, ಹಳೆಯ ಎಕ್ಸ್‌ರೇ ಹಾಳೆಯನ್ನೋ ಅಂಚಿಗೆ ಒತ್ತಿ ಹಿಡಿದು, ಆಚೆ ಬದಿಗೆ ಬ್ರಶ್ ಆಡಿಸಿ. ಪ್ರತಿ ಸಲ ಸರಿಸುವ ಮುನ್ನ ಅದರ ಅಂಚನ್ನು ಬಟ್ಟೆಯಲ್ಲಿ ಒರೆಸಲೇಬೇಕು. ಒರೆಸದಿದ್ದರೆ ಹಾಳೆಯ ಅಡಿಯಲ್ಲಿದ್ದ ಬಣ್ಣ ಚೌಕಟ್ಟಿಗೆ ಹತ್ತುತ್ತದೆ.

ಗಟ್ಟಿ ಗೋಡೆಯಾಗಿದ್ದೂ ಬಣ್ಣ ನುಗ್ಗಿದ್ದರೆ ಗೋಡೆ ನಯವಾಗಿಲ್ಲ, ಟೇಪಿನ ಅಂಚು ಸಣ್ಣ ಗುಳಿಗಳ ಮೇಲೆ ಸೇತುವೆಯಾಗಿ ನಿಂತಿದೆ. ಟೇಪ್ ಹಾಕಿದ ಮೇಲೆ ಅಂಚನ್ನು ಉಗುರಿನಿಂದ ಅಥವಾ ಚಮಚದ ಬೆನ್ನಿನಿಂದ ಉದ್ದಕ್ಕೂ ಒತ್ತಿ. ಆಮೇಲೆ ಟೇಪಿನ ಅಡಿಯಲ್ಲಿ ಯಾವ ಬಣ್ಣವಿದೆಯೋ ಅದೇ ಬಣ್ಣವನ್ನು ಟೇಪಿನ ಅಂಚಿಗೆ ತೆಳುವಾಗಿ ಒಮ್ಮೆ ಸವರಿ. ನುಗ್ಗುವುದಿದ್ದರೆ ಅದು ನುಗ್ಗಿ ಗುಳಿಗಳನ್ನು ಮುಚ್ಚುತ್ತದೆ, ಅದೇ ಬಣ್ಣವಾದ್ದರಿಂದ ಕಾಣುವುದಿಲ್ಲ. ಒಣಗಿದ ಮೇಲೆ ಹೊಸ ಬಣ್ಣ ಹಚ್ಚಿದರೆ ಗೆರೆ ನೇರವಾಗಿ ನಿಲ್ಲುತ್ತದೆ. ಈ ಒಂದು ಹೆಜ್ಜೆಯನ್ನು ಬಹುತೇಕ ಪೇಂಟರುಗಳು ಸಮಯವಿಲ್ಲವೆಂದು ಬಿಡುತ್ತಾರೆ.

ಕೊನೆ ಕೋಟ್ ಇನ್ನೂ ಪೂರ್ತಿ ಗಟ್ಟಿಯಾಗದಿರುವಾಗಲೇ ಟೇಪನ್ನು ಅದರ ಮೇಲಕ್ಕೇ ಮಡಚಿದಂತೆ, ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಒಣಗಿಬಿಟ್ಟಿದ್ದರೆ ಮೊದಲು ಅಂಚಿನುದ್ದಕ್ಕೂ ಬ್ಲೇಡ್ ಆಡಿಸಿ. ಬಿಸಿಲು ಬೀಳುವ ಕಿಟಕಿಗೆ ಹಾಕಿದ ಟೇಪನ್ನು ಅದೇ ದಿನ ತೆಗೆಯಬೇಕು, ಇಲ್ಲದಿದ್ದರೆ ಅಂಟು ಕರಗಿ ಮರದಲ್ಲೇ ಉಳಿಯುತ್ತದೆ. ಪಾರ್ಸೆಲ್ಲಿಗೆ ಹಾಕುವ ಕಂದು ಟೇಪನ್ನಂತೂ ಹತ್ತಿರವೂ ತರಬೇಡಿ.

ಪ್ರಶ್ನೆ: ನಮ್ಮದು ಹಳೆಯ ಮನೆ. ಗೋಡೆಯ ಕೆಳಗಿನ ನಾಲ್ಕಡಿಗೆ ಆಯಿಲ್ ಪೇಂಟ್, ಮೇಲೆ ಡಿಸ್ಟೆಂಪರ್, ನಡುವೆ ಒಂದು ಇಂಚಿನ ಕಂದು ಪಟ್ಟೆ. ಮೇಲಿನದನ್ನು ಇಮಲ್ಷನ್‌ಗೆ ಬದಲಿಸಬೇಕೆಂದಿದ್ದೇವೆ. ಪಟ್ಟೆ ಅಂಕುಡೊಂಕಾಗಿದೆ, ಅದನ್ನೂ ಸರಿಮಾಡಬೇಕು.
— ಕೆಳಗೋಟೆ, ಚಿತ್ರದುರ್ಗ

ಉತ್ತರ: ಪಟ್ಟೆ ಉಳಿಸಿಕೊಳ್ಳುತ್ತಿರುವುದು ಒಳ್ಳೆಯ ಯೋಚನೆ. ಮಕ್ಕಳಿರುವ ಮನೆಗೆ ಒರೆಸಿ ತೊಳೆಯಬಹುದಾದ ನಾಲ್ಕಡಿಯ ಅನುಕೂಲ ಇನ್ಯಾವುದಕ್ಕೂ ಇಲ್ಲ.

ಹಳೆಯ ಡಿಸ್ಟೆಂಪರ್ ಮೇಲೆ ಇಮಲ್ಷನ್ ಹೊಡೆದರೆ ಹಪ್ಪಳವಾಗಿ ಏಳುತ್ತದೆ. ಮೊದಲು ಡಿಸ್ಟೆಂಪರನ್ನು ಒದ್ದೆ ಮಾಡಿ ಕೆರೆದು ತೆಗೆಯಿರಿ, ಒಣಗಿದ ಮೇಲೆ ವಾಟರ್ ಪ್ರೈಮರ್ ಒಂದು ಕೋಟ್. ಕ್ರಮ ಯಾವಾಗಲೂ ಮೇಲಿನಿಂದ ಕೆಳಕ್ಕೆ: ಮೊದಲು ಇಮಲ್ಷನ್ ಎರಡು ಕೋಟ್, ಅದನ್ನು ಪಟ್ಟೆಯ ಜಾಗಕ್ಕೆ ಅರ್ಧ ಇಂಚು ಇಳಿಸಿಯೇ ಹೊಡೆಯಿರಿ. ಅಲ್ಲಿ ಹಳೆಯ ಆಯಿಲ್ ಪೇಂಟ್ ಇರುವುದರಿಂದ 180 ನಂಬರಿನ ಎಮರಿ ಕಾಗದದಲ್ಲಿ ಹೊಳಪು ಹೋಗುವ ತನಕ ಮೊದಲೇ ಉಜ್ಜಿರಬೇಕು. ಹೊಳಪಿನ ಮೇಲೆ ನೀರಿನ ಬಣ್ಣ ಹಿಡಿಯುವುದಿಲ್ಲ, ಉಗುರು ತಾಗಿದರೆ ಸುಲಿದು ಬರುತ್ತದೆ. ಇಮಲ್ಷನ್‌ಗೆ ಒಂದು ರಾತ್ರಿ ಬಿಟ್ಟು, ಕೆಳಭಾಗದ ಎನಾಮೆಲ್, ಅಂದರೆ ಆಯಿಲ್ ಪೇಂಟ್. ಕೊನೆಗೆ ಪಟ್ಟೆ, ಎರಡೂ ಬಣ್ಣ ಸೇರುವ ಅಂಚನ್ನು ಮುಚ್ಚುವಂತೆ.

ಪಟ್ಟೆಗೆ ನೆಲದಿಂದ ಅಳತೆ ಹಿಡಿಯಬೇಡಿ. ಹಳೆಯ ಮನೆಯ ನೆಲಕ್ಕೆ ನೀರು ಹೋಗಲು ವಾಟ ಕೊಟ್ಟಿರುತ್ತಾರೆ, ಅದರಿಂದ ಅಳೆದರೆ ಪಟ್ಟೆಯೂ ವಾಟವಾಗುತ್ತದೆ. ಗಾರೆಯವರು ಬಳಸುವ ಲೆವೆಲ್ ಪೈಪಿಗೆ ನೀರು ತುಂಬಿ, ಒಳಗೆ ಗುಳ್ಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲ್ಕೂ ಮೂಲೆಗೆ ಗುರುತು ಹಾಕಿ. ಎರಡು ಗುರುತಿನ ನಡುವೆ ಸುಣ್ಣದ ಪುಡಿ ಸವರಿದ ದಾರ ಬಿಗಿಹಿಡಿದು ಒಮ್ಮೆ ಮೀಟಿ. ಗೆರೆಯ ಮೇಲೂ ಕೆಳಗೂ ಟೇಪ್ ಹಾಕಿ, ನಡುವಿನ ಪುಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿದ ನಂತರವೇ ಬಣ್ಣ. ಹಳೆಯ ಮನೆಯ ಛಾವಣಿಯೋ ಕಿಟಕಿಯೋ ತುಸು ವಾಲಿದ್ದರೆ ಲೆವೆಲ್ ಸರಿಯಿದ್ದ ಪಟ್ಟೆಯೇ ಸೊಟ್ಟಗೆ ಕಂಡೀತು. ಆಗ ಕಿಟಕಿಯ ಕೆಳಅಂಚಿಗೆ ಹೊಂದಿಸಿಬಿಡಿ. ನೋಡುವವರು ಲೆವೆಲ್ ಪೈಪ್ ಹಿಡಿದು ಬರುವುದಿಲ್ಲ.

ಎನಾಮೆಲ್‌ನ ಮೇಲ್ಪದರ ಆರಲು ನಾಲ್ಕರಿಂದ ಆರು ಗಂಟೆ ಬೇಕು. ಆಷಾಢದ ಗಾಳಿಗೆ ಚಿತ್ರದುರ್ಗದಲ್ಲಿ ಈ ಕೆಲಸ ಇಟ್ಟುಕೊಂಡರೆ ದೂಳೆಲ್ಲ ಪಟ್ಟೆಗೆ ಮೆತ್ತುತ್ತದೆ. ಮುಂದೂಡಲಾಗದಿದ್ದರೆ ನೆಲಕ್ಕೆ ನೀರು ಚಿಮುಕಿಸಿ, ಗಾಳಿ ಬರುವ ಕಡೆಯ ಕಿಟಕಿ ಮುಚ್ಚಿ, ಎದುರಿನದನ್ನು ತೆರೆದಿಡಿ. ಥಿನ್ನರ್, ಟರ್ಪೆಂಟೈನ್ ವಾಸನೆ ಹೊರಹೋಗಬೇಕು, ದೇವರ ಮನೆಯ ದೀಪವೂ ಅಲ್ಲಿಯ ತನಕ ಆರಿರಲಿ.

ಪ್ರಶ್ನೆ: ಕಪ್ಪು ಗ್ರಾನೈಟ್ ಸ್ಕರ್ಟಿಂಗ್ ಮೇಲೆಲ್ಲ ಬಿಳಿ ಬಣ್ಣದ ಕಲೆ. ಅದರ ಮೇಲಿನ ಗೋಡೆಯ ಬಣ್ಣ ಹಾಳೆ ಹಾಳೆಯಾಗಿ ಉದುರುತ್ತದೆ.
— ಹಿರಿಯೂರು

ಉತ್ತರ: ಕಲೆಯದು ಸುಲಭ. ಇಮಲ್ಷನ್ ಆದರೆ ಬಿಸಿನೀರಿನ ಬಟ್ಟೆಯನ್ನು ಹತ್ತು ನಿಮಿಷ ಮೇಲೆ ಹಾಕಿಟ್ಟು, ಬ್ಲೇಡನ್ನು ಕಲ್ಲಿಗೆ ಹೆಚ್ಚುಕಡಿಮೆ ಮಲಗಿಸಿ ತಳ್ಳಿ. ಪಾಲಿಶ್ ಮಾಡಿದ ಗ್ರಾನೈಟ್‌ಗೆ ಉಕ್ಕಿನ ಬ್ಲೇಡಿನಿಂದ ಗೀರು ಬೀಳುವುದಿಲ್ಲ, ಆದರೆ ಎಮರಿ ಉಜ್ಜಿದರೆ ಹೊಳಪು ಹೋಗುತ್ತದೆ. ಆಯಿಲ್ ಪೇಂಟಾದರೆ ಥಿನ್ನರ್ ಅದ್ದಿದ ಬಟ್ಟೆ. ಮಾರ್ಬಲ್ ಇದ್ದವರು ಬ್ಲೇಡ್ ಬಳಸಬೇಡಿ, ಅದು ಮೆದು ಕಲ್ಲು. ಆಸಿಡ್ ಅಂತೂ ಮಾರ್ಬಲ್ಲನ್ನು ತಿಂದೇ ಹಾಕುತ್ತದೆ.

ಉದುರುವುದಕ್ಕೆ ಎತ್ತರ ನೋಡಿ. ಸ್ಕರ್ಟಿಂಗ್‌ನಿಂದ ಎರಡು ಮೂರು ಇಂಚಿನೊಳಗೆ ಮಾತ್ರವಾದರೆ ನೆಲ ಒರೆಸುವ ನೀರು. ಸ್ಕರ್ಟಿಂಗ್ ಗೋಡೆಯಿಂದ ಅರ್ಧ ಇಂಚು ಮುಂದೆ ಬಂದಿರುತ್ತದೆ, ಆ ಮೆಟ್ಟಿಲಿನ ಮೇಲೆ ನೀರು ನಿಂತು ಗೋಡೆಗೆ ಇಳಿಯುತ್ತದೆ. ಸಡಿಲ ಬಣ್ಣ ಕೆರೆದು, ಬಿಳಿ ಉಪ್ಪು ಕಂಡರೆ ಒಣ ಬ್ರಶ್‌ನಲ್ಲಿ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಗೋಡೆಯೊಳಗೇ ಹೋಗಿ ಮತ್ತೆ ಹೊರಬರುತ್ತದೆ. ಒಣಗಿದ ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಸ್ಕರ್ಟಿಂಗ್ ಮೇಲಂಚಿಗೆ ಅಕ್ರಿಲಿಕ್ ಸೀಲೆಂಟಿನ ಸಣ್ಣ ಎಳೆ. ಉದುರುವುದು ಒಂದು ಅಡಿಗಿಂತ ಮೇಲೆ ಹೋಗಿದ್ದರೆ, ಅಥವಾ ಗೋಡೆಯ ಆಚೆ ಬಚ್ಚಲುಮನೆ ಇದ್ದರೆ, ಅಂಚಿನ ಕೆಲಸಕ್ಕೆ ದುಡ್ಡು ಹಾಕಬೇಡಿ. ಮೊದಲು ತೇವದ ಮೂಲ ಹುಡುಕಿಸಿ.

ಪ್ರಶ್ನೆ: ಹೊಸ್ತಿಲಿಗೆ ವಾರವಾರ ಅರಿಶಿನ ಹಚ್ಚುತ್ತೇವೆ. ಎರಡೂ ಕಡೆ ಗೋಡೆಯ ಬುಡಕ್ಕೆ ಹಳದಿ ಹತ್ತಿದೆ. ಮೇಲೆ ಬಿಳಿ ಬಣ್ಣ ಹಚ್ಚಿದರೂ ಹಳದಿ ಮತ್ತೆ ತೇಲುತ್ತದೆ. ಒಂದು ಕಡೆಯಂತೂ ಕೆಂಪಾಗಿದೆ!
— ಚಳ್ಳಕೆರೆ

ಉತ್ತರ: ಕೆಂಪಾದ ಕಡೆ ಸುಣ್ಣವೋ ಹಸಿ ಸಿಮೆಂಟೋ ಇರಬೇಕು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಕುಂಕುಮ ಮಾಡುವವರಿಗೆಲ್ಲ ಗೊತ್ತು. ನೀರಿನ ಬಣ್ಣ ಕಲೆಯನ್ನು ತೋಯಿಸಿ ಮೇಲಕ್ಕೆ ಎಳೆದುಕೊಳ್ಳುವುದರಿಂದ ಎಷ್ಟು ಕೋಟ್ ಹೊಡೆದರೂ ತೇಲುತ್ತದೆ. ಜಾಗವನ್ನು ಸಾಬೂನಿನಲ್ಲಿ ಒರೆಸಿ, ಒಣಗಿದ ಮೇಲೆ ಥಿನ್ನರ್‌ನಲ್ಲಿ ಕಲಸುವ ಪ್ರೈಮರನ್ನು ಕಲೆಗಿಂತ ಎರಡು ಇಂಚು ಆಚೆಗೂ ಹಚ್ಚಿ. ಒಂದು ದಿನ ಬಿಟ್ಟು ಇಮಲ್ಷನ್. ಸುಣ್ಣ ಬಳಿದ ಗೋಡೆಯಾದರೆ ಸುಣ್ಣವನ್ನು ಕೆರೆದೇ ಪ್ರೈಮರ್ ಹಾಕಬೇಕು.

ಹೊಸ್ತಿಲ ತುದಿ ಗೋಡೆಗೆ ಸೇರುವ ಕಡೆ ಮೂರು ಇಂಚು ಎತ್ತರಕ್ಕೆ ಹೊಸ್ತಿಲಿನದೇ ಹಳದಿ ಎನಾಮೆಲ್ ಚೌಕ ಎಳೆದುಬಿಟ್ಟರೆ ಮುಂದಿನ ವಾರದ ಅರಿಶಿನ ಎಲ್ಲಿ ಹತ್ತಿತೆಂದೇ ತಿಳಿಯುವುದಿಲ್ಲ. ಊರ ಕಡೆ ಹಳೆಯ ಮನೆಗಳಲ್ಲಿ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದುದರ ಉಪಯೋಗವೂ ಇದೇ.

ಪ್ರಶ್ನೆ: ತೇಗದ ಮುಂಬಾಗಿಲಿಗೆ ಪಾಲಿಶ್ ಮಾಡಿಸಿದೆ. ಚೌಕಟ್ಟಿಗೆ ಸಿಡಿದ ಇಮಲ್ಷನ್ ತೆಗೆಯಲು ಥಿನ್ನರ್ ಹಾಕಬಹುದೇ?
— ಹೊಳಲ್ಕೆರೆ

ಉತ್ತರ: ಬೇಡ. ಬಣ್ಣದ ಜೊತೆ ಪಾಲಿಶ್ ಕೂಡ ಹೋಗಬಹುದು. ಸಾಬೂನಿನ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಒತ್ತಿಟ್ಟು, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಮರದ ಎಳೆಯ ದಿಕ್ಕಿಗೆ ತಳ್ಳಿ. ಸ್ಪಿರಿಟ್ ಕೂಡ ಇಮಲ್ಷನ್ ಮೆದು ಮಾಡುತ್ತದೆ, ಆದರೆ ಅರಗಿನ ಫ್ರೆಂಚ್ ಪಾಲಿಶನ್ನು ಅದು ನೇರ ಕರಗಿಸುತ್ತದೆ. ಯಾವ ಪಾಲಿಶ್ ಎಂದು ಗೊತ್ತಿಲ್ಲದಿದ್ದರೆ ಕೀಲಿನ ಹಿಂಬದಿಯಲ್ಲಿ ಒಂದು ಹನಿ ಹಾಕಿ ನೋಡಿ. ಬೆರಳಿಗೆ ಅಂಟಂಟಾದರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಟೇಪ್ ಇಲ್ಲದೆ ಕೈಯಲ್ಲೇ ನೇರ ಅಂಚು ಎಳೆಯಲು ಯಾವ ಬ್ರಶ್ ಒಳ್ಳೆಯದು?
— ನಿಜಲಿಂಗಪ್ಪ ಬಡಾವಣೆ, ದಾವಣಗೆರೆ

ಉತ್ತರ: ಗೋಡೆಯ ಇಮಲ್ಷನ್‌ಗೆ ತುದಿ ಓರೆ ಕತ್ತರಿಸಿದ ಒಂದೂವರೆ ಅಥವಾ ಎರಡು ಇಂಚಿನ ನೈಲಾನ್ ಬ್ರಶ್. ಚೌಕಟ್ಟಿನ ಎನಾಮೆಲ್‌ಗೆ ಒಂದು ಇಂಚಿನ ಕೂದಲ ಬ್ರಶ್. ಕೂದಲ ಬ್ರಶ್ ನೀರಿನ ಬಣ್ಣದಲ್ಲಿ ನೆನೆದು ತುದಿ ಕೆದರುತ್ತದೆ. ಹೊಸದಾದರೆ ಅಂಗೈಗೆ ಬಡಿದು ಸಡಿಲ ಕೂದಲು ಉದುರಿಸಿಕೊಳ್ಳಿ. ಬಣ್ಣಕ್ಕೆ ಮೂರನೇ ಒಂದು ಭಾಗ ಮಾತ್ರ ಅದ್ದಿ, ಡಬ್ಬಿಯ ಒಳಬದಿಗೆ ತಟ್ಟಿ, ಅಂಚಿಗೆ ಒರೆಸಬೇಡಿ. ಮೊದಲ ಎಳೆತ ಚೌಕಟ್ಟಿನಿಂದ ಒಂದು ಬೆರಳು ದೂರ ಇರಲಿ, ಅಲ್ಲಿ ಬಣ್ಣ ಇಳಿಸಿ. ಎರಡನೇ ಎಳೆತದಲ್ಲಿ ಆ ಬಣ್ಣವನ್ನೇ ಅಂಚಿನವರೆಗೆ ತಳ್ಳಿಕೊಂಡು ಹೋಗಿ. ನೇರ ಅಂಚಿನ ಮೇಲೆ ತುಂಬಿದ ಬ್ರಶ್ ಇಟ್ಟರೆ ಮೊದಲ ಹನಿ ಚೌಕಟ್ಟಿಗೇ ಹೋಗುತ್ತದೆ. ಕಣ್ಣು ಬ್ರಶ್ ಮೇಲಿರುವುದಕ್ಕಿಂತ ಅದು ಹೋಗಬೇಕಾದ ಕಡೆಗೆ ಎರಡು ಇಂಚು ಮುಂದಿದ್ದರೆ ಕೈ ಕಡಿಮೆ ನಡುಗುತ್ತದೆ. ತಪ್ಪಿ ಹತ್ತಿದ್ದನ್ನು ಆಗಲೇ ಒದ್ದೆ ಬಟ್ಟೆಯಲ್ಲಿ, ಬ್ಲೇಡಿನ ಮೂಲೆಗೆ ಸುತ್ತಿಕೊಂಡು ಒರೆಸಿ. ಎನಾಮೆಲ್ ಆದರೆ ಬಟ್ಟೆಗೆ ಟರ್ಪೆಂಟೈನ್.